ಬೆಂಕಿ ಏರುವ ದಾರಿ

ಬೆಟ್ಟದ ಸೀಮೆಯಲ್ಲಿ ಬಾಳುವವರಿಗೆ ಬೆಂಕಿಯ ಸ್ವಭಾವವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸಮತಟ್ಟಿನಲ್ಲಿ ತೆವಳುತ್ತಿದ್ದ ಕಿಚ್ಚು ಏರು ಸಿಕ್ಕೊಡನೆ ಓಡತೊಡಗುತ್ತದೆ. ಕೆಳಗಿನ ಜ್ವಾಲೆಯ ಶಾಖಕ್ಕೆ ಮೇಲಿನ ಹುಲ್ಲು, ತರಗೆಲೆಗಳು ಮೊದಲೇ ಕಾದು ಒಣಗಿ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತವೆ. ಆದುದರಿಂದಲೇ ಬೇಸಿಗೆ ಕಾಲಿಡುವ ಮುನ್ನ ಕಾಡಂಚಿನಲ್ಲಿ ಬೆಂಕಿ ರೇಖೆ ತೆಗೆಯುವುದು, ಹುಲ್ಲಿನ ಬಣವೆಯನ್ನು ಮನೆಯಿಂದ ದೂರದಲ್ಲಿ ಒಟ್ಟುವುದು, ಗಾಳಿ ಬೀಸುವ ಹೊತ್ತಿನಲ್ಲಿ ಕಸಕ್ಕೆ ಕಿಡಿ ತಾಗಿಸದಿರುವುದು ಇವೆಲ್ಲ ಹಿರಿಯರಿಂದ ಕಿರಿಯರಿಗೆ ಮಾತಿಲ್ಲದೆ ಹರಿದುಬಂದ ತಿಳಿವಳಿಕೆಗಳಾಗಿವೆ. ಆದರೆ ಅದೇ ಮನೆಯ ಮಗನೋ ಮಗಳೋ ಓದಿಗೆಂದು ಮೈಸೂರಿಗೆ ತೆರಳಿ, ಮೂರನೆಯ ಅಂತಸ್ತಿನ ಕೋಣೆಯೊಂದರಲ್ಲಿ ನಾಲ್ವರೊಡನೆ ಬಿಡಾರ ಹೂಡಿದಾಗ ಈ ತಿಳಿವಳಿಕೆ ಬಸ್ ನಿಲ್ದಾಣದಲ್ಲಿಯೇ ಉಳಿದುಬಿಡುತ್ತದೆ. ಕೋಣೆಯ ಬಾಡಿಗೆ ಎಷ್ಟು, ಊಟ ಹೇಗೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವ ತಂದೆತಾಯಿಯರು ಕೆಳಗಿಳಿಯಲು ಎಷ್ಟು ದಾರಿಗಳಿವೆ ಎಂದು ಕೇಳುವುದು ಅಪರೂಪ.

ಕಟ್ಟಡದ ಮೆಟ್ಟಿಲ ದಾರಿಯೆಂಬುದು ಬೆಂಕಿಯ ಪಾಲಿಗೆ ಕಡಿದಾದ ಬೆಟ್ಟವೇ ಸರಿ. ನೆಲಮಾಳಿಗೆಯಲ್ಲಿಯೋ ಮೊದಲ ಅಂತಸ್ತಿನಲ್ಲಿಯೋ ಹುಟ್ಟಿದ ಬಿಸಿಹೊಗೆ ತೆರೆದ ಮೆಟ್ಟಿಲ ಬಾವಿಯನ್ನು ಒಲೆಯ ಹೊಗೆಗೂಡಿನಂತೆ ಬಳಸಿಕೊಂಡು ಮೇಲೇರುತ್ತದೆ. ಜನರು ಇಳಿಯಬೇಕಾದ ದಾರಿಯಲ್ಲಿಯೇ ಹೊಗೆ ಏರುತ್ತದೆ. ಬೆಂಕಿ ಅನಾಹುತಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಬಹುಮಟ್ಟಿಗೆ ಹೆಚ್ಚು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿರುವವನನ್ನು ಅದು ಎಬ್ಬಿಸುವುದೇ ಇಲ್ಲ. ಮೆಟ್ಟಿಲುಗಳನ್ನು ಗೋಡೆಯಿಂದ ಆವರಿಸಿ, ತಾನಾಗಿ ಮುಚ್ಚಿಕೊಳ್ಳುವ ಬೆಂಕಿನಿರೋಧಕ ಬಾಗಿಲು ಇಡಬೇಕೆಂದು ಕಟ್ಟಡ ಸಂಹಿತೆ ಹೇಳುವುದು ಈ ಕಾರಣಕ್ಕಾಗಿಯೇ. ಗಾಳಿ ಬರಲಿ ಎಂದು ಆ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಡುವುದು, ಕಾಡಿನಲ್ಲಿ ತೆಗೆದ ಬೆಂಕಿ ರೇಖೆಯ ಮೇಲೆ ತರಗೆಲೆ ಹರವಿದಂತೆ.

ಮೈಸೂರು ಈ ಪಾಠವನ್ನು ಕಲಿಯದ ನಗರವಲ್ಲ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ಹೊಣೆಯನ್ನು ಹೆನ್ರಿ ಇರ್ವಿನ್ ಅವರಿಗೆ ವಹಿಸಿದಾಗ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಮೊದಲ ಸ್ಥಾನ ದೊರೆಯಿತು; ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. 1912ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ 41 ಲಕ್ಷಕ್ಕೂ ಮಿಗಿಲಾದ ಹಣ ವೆಚ್ಚವಾಯಿತು. ಅರಸೊತ್ತಿಗೆ ತನ್ನ ಮನೆ ಸುಟ್ಟಾಗ ಪಾಠ ಕಲಿತು ಮರವನ್ನು ಬಿಟ್ಟು ಕಲ್ಲಿಗೆ ಬಂದಿತು. ಸಾಮಾನ್ಯರು ದುಡಿಯುವ, ಮಲಗುವ, ಓದುವ ಕಟ್ಟಡಗಳಿಗೆ ಆ ಎಚ್ಚರ ತಲುಪಿತೇ ಎಂಬುದು ಬೇರೆಯ ಮಾತು.

ತಲುಪಲಿಲ್ಲವೆಂಬುದಕ್ಕೆ 1989ರ ಫೆಬ್ರವರಿ 8ರ ರಾತ್ರಿ ಸಾಕ್ಷಿಯಾಯಿತು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಹಿಂದಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಮದುವೆಯ ಸಂಭ್ರಮದ ದೃಶ್ಯಕ್ಕೆ ಸಿಡಿಮದ್ದು ಬಳಕೆಯಾಗಿತ್ತೆಂದು, ಸದ್ದಡಗಿಸಲು ಗೋಡೆಗಳಿಗೆ ಗೋಣಿತಟ್ಟು ಹೊದಿಸಲಾಗಿತ್ತೆಂದು ಅಂದಿನ ವರದಿಗಳು ತಿಳಿಸುತ್ತವೆ. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿಯಾಡದ ಒಳಾಂಗಣ, ಬೆಂಕಿ ನಂದಿಸುವ ಸಾಧನಗಳ ಕೊರತೆ ಇವೂ ಕಾರಣಗಳ ಪಟ್ಟಿಯಲ್ಲಿ ಸೇರಿದವು. 62 ಜನ ಪ್ರಾಣ ಕಳೆದುಕೊಂಡರು. ನಾಯಕನಟ ಮತ್ತು ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಸಂಗತಿ ದೇಶಕ್ಕೆಲ್ಲ ನೆನಪಿದೆ. ದಿನಗೂಲಿಗೆಂದು ದೀಪ ಹಿಡಿದವರ, ಗುಂಪಿನ ದೃಶ್ಯದಲ್ಲಿ ವೇಷ ಕಟ್ಟಿ ನಿಂತವರ ಹೆಸರುಗಳು ಯಾರ ನಾಲಿಗೆಯ ಮೇಲೂ ಇಲ್ಲ. ಧಾರಾವಾಹಿ ಮರುವರ್ಷ ದೂರದರ್ಶನದಲ್ಲಿ ಬಂದು ಜನಪ್ರಿಯವೂ ಆಯಿತು.

ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 92 ಜನ, ಬಹುಪಾಲು ಮಕ್ಕಳು, ಮಡಿದದ್ದು 1981ರ ಫೆಬ್ರವರಿ 7ರಂದು. ಅಲ್ಲಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ 9 ಜನ ಸತ್ತದ್ದು 2010ರ ಫೆಬ್ರವರಿ 23ರಂದು. ಅರಮನೆಯನ್ನೂ ಸೇರಿಸಿದರೆ ನಾಲ್ಕೂ ಫೆಬ್ರವರಿಯವು. ಕಾಡಿಗೆ ಬೆಂಕಿ ಕಾವಲು ಹಾಕುವ ತಿಂಗಳು ಅದೇ. ಕಾಕತಾಳೀಯವೇ ಇದ್ದೀತು, ಕಾರ್ಲ್ಟನ್ನಿನ ಹೊಗೆ ಹೊರಗಿನ ಬಿಸಿಲಿನಿಂದ ಹುಟ್ಟಿದ್ದಲ್ಲ. ಅಲ್ಲಿ ಉಸಿರುಗಟ್ಟಿದವರು ಗಾಜು ಒಡೆದು ಮೇಲಿನಿಂದ ಜಿಗಿದರು. ತುರ್ತು ದಾರಿಗಳು ತಡೆಗಟ್ಟಿದ್ದವೆಂಬ ದೂರು ಆಗ ಬಲವಾಗಿ ಕೇಳಿಬಂದಿತು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗಲೂ ಹೆಚ್ಚುವರಿ ಆಸನಗಳು ಬಾಲ್ಕನಿಯ ಹೊರದಾರಿಯನ್ನು ನುಂಗಿದ್ದವು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ 1964ರಿಂದಲೂ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಪ್ರಕಟಗೊಂಡು 1983, 2005, 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೆಯ ಭಾಗ ಇಡಿಯಾಗಿ ಅಗ್ನಿ ಸುರಕ್ಷತೆಗೆ ಮೀಸಲು. ಸಂಹಿತೆ ತಾನಾಗಿ ಕಾನೂನಲ್ಲ, ರಾಜ್ಯದ ನಿಯಮಗಳೂ ಸ್ಥಳೀಯ ಸಂಸ್ಥೆಗಳ ಉಪವಿಧಿಗಳೂ ಅದಕ್ಕೆ ಜೀವ ಕೊಡಬೇಕು. 15 ಮೀಟರ್ ಮತ್ತು ಅದಕ್ಕೂ ಮಿಗಿಲಾದುದನ್ನು ಸಂಹಿತೆ ಎತ್ತರದ ಕಟ್ಟಡವೆಂದು ಗಣಿಸಿ ಕಠಿಣ ಷರತ್ತು ವಿಧಿಸುತ್ತದೆ. ತೊಡಕು ಇರುವುದು ಇಲ್ಲಿಯೇ. ಪ್ರೀಮಿಯರ್ ಸ್ಟುಡಿಯೋ ಗೋಪುರವಾಗಿರಲಿಲ್ಲ, ವೀನಸ್ ಸರ್ಕಸ್ಸು ಡೇರೆಯಾಗಿತ್ತು. 2004ರ ಜುಲೈ 16ರಂದು 94 ಮಕ್ಕಳನ್ನು ಬಲಿ ತೆಗೆದುಕೊಂಡ ಕುಂಭಕೋಣದ ಶಾಲೆಗೆ ಇದ್ದದ್ದು ತೆಂಗಿನ ಗರಿಯ ಮಾಡು ಮತ್ತು ಇಕ್ಕಟ್ಟಾದ ಮೆಟ್ಟಿಲು. ಕೊಲ್ಲುವುದು ಎತ್ತರವಲ್ಲ, ಇಕ್ಕಟ್ಟು. ಮೂರು ಅಂತಸ್ತಿನ ವಿದ್ಯಾರ್ಥಿ ನಿಲಯ, ಮನೆಯನ್ನೇ ಒಡೆದು ಮಾಡಿದ ಬಾಡಿಗೆ ವಸತಿ, ಅಂಗಡಿಯ ಮೇಲಿನ ಪಾಠಕೇಂದ್ರ ಇವು ಎತ್ತರದ ಲೆಕ್ಕದಿಂದ ಜಾರಿ, ಕಣ್ಗಾವಲಿನಿಂದಲೂ ಜಾರಿಬಿಡುತ್ತವೆ.

ಕುಂಭಕೋಣದ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲ್ 13ರಂದು ನೀಡಿದ ತೀರ್ಪು ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದುದು. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆ ಎಂದು ಸಾರಿದ ನ್ಯಾಯಪೀಠ, ಶಾಲೆಗಳಲ್ಲಿ ಅಗ್ನಿಶಾಮಕ ಸಾಧನಗಳಿರಬೇಕು, ಕಟ್ಟಡಗಳು ಸಂಹಿತೆಗೆ ಅನುಗುಣವಾಗಿರಬೇಕು, ಸಿಬ್ಬಂದಿಗೆ ತರಬೇತಿ ದೊರೆಯಬೇಕು ಎಂದು ಆದೇಶಿಸಿತು. ಹಳ್ಳಿಯ ಪ್ರಾಥಮಿಕ ಶಾಲೆಯ ಬಿಸಿಯೂಟದ ಅಡುಗೆಮನೆಗೂ ಈ ಮಾತು ಅನ್ವಯಿಸುತ್ತದೆ.

ಕೋಣೆ ಹಿಡಿಯುವ ಮೊದಲು ಪರೀಕ್ಷಿಸಲು ತಜ್ಞತೆ ಬೇಕಿಲ್ಲ. ಹೊರಬಾಗಿಲು ಹೊರಮುಖವಾಗಿ ತೆರೆಯುತ್ತದೆಯೇ? ಒಳಗಿರುವವರು ಬೀಗದ ಕೈ ಹುಡುಕದೆ ಅದನ್ನು ತೆರೆಯಬಲ್ಲರೇ? ರಾತ್ರಿ ಹತ್ತರ ನಂತರ ಹೆಣ್ಣುಮಕ್ಕಳ ವಸತಿಗಳಿಗೆ ಹೊರಗಿನಿಂದ ಬೀಗ ಜಡಿಯುವ ಪದ್ಧತಿಯನ್ನು ರಕ್ಷಣೆಯೆಂದು ಕರೆಯುವುದು ವಿಚಿತ್ರ ರೂಢಿ. ಕಿಟಕಿಯ ಕಬ್ಬಿಣದ ಸರಳುಗಳಲ್ಲಿ ತೆರೆಯುವ ಭಾಗವಿದೆಯೇ, ಮೆಟ್ಟಿಲ ಕೆಳಗೆ ಅನಿಲದ ಸಿಲಿಂಡರು, ಬ್ಯಾಟರಿ ವಾಹನದ ಚಾರ್ಜಿಂಗು, ಹಳೆಯ ಹಾಸಿಗೆಗಳ ರಾಶಿ ಇದೆಯೇ ಎಂದು ನೋಡಬೇಕು. ಗೋಡೆಗೆ ತೂಗಿದ ಕೆಂಪು ಡಬ್ಬಿಯ ಮಾಪಕದ ಮುಳ್ಳು ಹಸಿರಿನಲ್ಲಿಲ್ಲದಿದ್ದರೆ ಅದು ಅಲಂಕಾರ ಮಾತ್ರ. ವಿದ್ಯುತ್ ಬೆಂಕಿಗೆ ನೀರು ಎರಚಬಾರದು. ಹೊಗೆ ಕವಿದಾಗ ಬಗ್ಗಿ ನೆಲದ ಬಳಿ ಸಾಗಬೇಕು, ಲಿಫ್ಟಿನತ್ತ ಸುಳಿಯಬಾರದು.

ಪರಿಸರದ ಮಾತಿಗೂ ಇದಕ್ಕೂ ನಂಟೇನೆಂದು ಕೇಳುವವರಿದ್ದಾರೆ. ಎತ್ತರದ ಕಟ್ಟಡದ ಸುತ್ತ ಕನಿಷ್ಠ 6 ಮೀಟರ್ ತೆರವು ಇರಬೇಕೆಂದು ಸಂಹಿತೆ ಹೇಳುವುದು ಅಗ್ನಿಶಾಮಕ ವಾಹನ ಸುತ್ತಾಡಲಿ ಎಂದು. ಅದೇ ತೆರವಿನಲ್ಲಿ ಮಳೆನೀರು ಇಂಗುತ್ತದೆ, ನೆರೆಯವನ ಕಿಟಕಿಗೆ ಬೆಳಕು ಬರುತ್ತದೆ. ಸಣ್ಣ ನಿವೇಶನಗಳಲ್ಲಿಯೂ ನಿಯಮ ಬಿಡಿಸಿದ ಅಂಚನ್ನು ನುಂಗಿ ಇನ್ನೊಂದು ಕೋಣೆ ಏರಿಸುವಾತ ಮಣ್ಣನ್ನೂ ಪಾರಾಗುವ ದಾರಿಯನ್ನೂ ಒಂದೇ ಏಟಿಗೆ ಮುಚ್ಚುತ್ತಾನೆ. ಕಾಡಿನ ಒತ್ತುವರಿಯನ್ನು ಪ್ರಶ್ನಿಸಿದವರು ಈ ಒತ್ತುವರಿಯನ್ನು ಕಾಣದಿರಲು ಕಾರಣವಿಲ್ಲ.

ಖಾಸಗಿ ವಸತಿಯ ಮಾಲೀಕ ಉತ್ತರಿಸದಿದ್ದರೂ ಆ ಕಟ್ಟಡಕ್ಕೆ ಪಾಲಿಕೆ ಒಪ್ಪಿದ ನಕ್ಷೆ ಏನು, ಅಗ್ನಿಶಾಮಕ ಇಲಾಖೆ ಅದನ್ನು ಪರಿಶೀಲಿಸಿದೆಯೇ ಎಂಬ ದಾಖಲೆಗಳು ಸರ್ಕಾರಿ ಕಡತಗಳಲ್ಲಿರುತ್ತವೆ. 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ ಎಂದು ಅದೇ ಅಧಿನಿಯಮದ ಏಳನೆಯ ಪ್ರಕರಣ ಹೇಳುತ್ತದೆ. ಬೀಗ ಜಡಿದ ತುರ್ತು ಬಾಗಿಲು ಆ ವರ್ಗಕ್ಕೆ ಸೇರುತ್ತದೆಯೋ ಇಲ್ಲವೋ ಎಂಬುದನ್ನು ಮೈಸೂರಿನ ಯಾವುದಾದರೂ ವಿದ್ಯಾರ್ಥಿ ನಿಲಯದಿಂದ ಒಂದು ಅರ್ಜಿ ಹೋಗಿ ನಿರ್ಧಾರವಾಗಬೇಕಾಗಿದೆ.