ಅಂಕಿಗಳ ಕಂಠೀಹಾರ

27994681. ನೋಡಲು ಯಾರದೋ ಬ್ಯಾಂಕ್ ಖಾತೆಯ ನಂಬರಿನಂತಿದೆ, ಅಂದವಿಲ್ಲ, ಚೆಂದವಿಲ್ಲ. ಇದನ್ನು 441ರಿಂದ ಗುಣಿಸಿ ನೋಡಿ. ಬರುವುದು 12345654321. ಆರರವರೆಗೆ ಮೆಟ್ಟಿಲು ಹತ್ತಿ, ಅಷ್ಟೇ ನಿಧಾನವಾಗಿ ಒಂದಕ್ಕೆ ಇಳಿಯುವ ಅಂಕಿಗಳು.

ಈ ಲೆಕ್ಕ ಸಾವಿರ ವರ್ಷಕ್ಕೂ ಹಳೆಯದು. ಕ್ರಿ.ಶ. 850ರ ಆಸುಪಾಸಿನಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿದೆ. ನೃಪತುಂಗ ಎಂದೊಡನೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಅರಸನನ್ನು ಆರಂಭದಲ್ಲೇ ಹೊಗಳುವ ಇಂಥ ಗಣಿತದ ಪುಸ್ತಕವೊಂದಿದೆ ಎಂದು ಶಾಲೆಯಲ್ಲಿ ನನಗೆ ಕನ್ನಡದ ಮೇಷ್ಟ್ರೂ ಹೇಳಲಿಲ್ಲ, ಲೆಕ್ಕದ ಮೇಷ್ಟ್ರೂ ಹೇಳಲಿಲ್ಲ.

ಗುಟ್ಟು ಬಿಡಿಸಿದರೆ ಇನ್ನೂ ಸೊಗಸು. 441 ಎಂದರೆ 21ರ ವರ್ಗ. ಆ ಒರಟು ಸಂಖ್ಯೆಯೂ ವರ್ಗವೇ, 5291ರದು. 21ನ್ನೂ 5291ನ್ನೂ ಗುಣಿಸಿದರೆ 111111. ಹಾಗಾಗಿ ಇಡೀ ಲೆಕ್ಕ 111111ನ್ನು ಅದರಿಂದಲೇ ಗುಣಿಸಿದಂತೆ. ಒಂದುಗಳ ಆರು ಸಾಲುಗಳನ್ನು ಒಂದೊಂದೇ ಮನೆ ಎಡಕ್ಕೆ ಸರಿಸಿ ಬರೆದು ಕೂಡಿ: ಅಂಚಿನ ಮನೆಗೆ ಒಂದೇ ಒಂದು ಸಿಗುತ್ತದೆ, ನಡುಮನೆಗೆ ಆರೂ ಸಿಗುತ್ತವೆ. ಆಚಾರ್ಯರು ಉತ್ತರವನ್ನು ಮೊದಲೇ ಕೈಯಲ್ಲಿಟ್ಟುಕೊಂಡು, ಅದನ್ನು ಗುರುತು ಸಿಗದಂತೆ ಎರಡು ತುಂಡು ಮಾಡಿದ್ದಾರೆ ಎಂದೇ ನನಗನಿಸುತ್ತದೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟವರಿಗೆ ಹನ್ನೊಂದು ಅಂಕಿಯ ಸಂಖ್ಯೆ ಯಾವ ಲೆಕ್ಕ!

ಎತ್ತ ಕಡೆಯಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಆಭರಣಕ್ಕೆ ಹೋಲಿಸಿದರು. 12345679ನ್ನು (ಎಂಟು ಕಾಣೆಯಾಗಿರುವುದು ಗಮನಿಸಿ) 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರೀ ಸೊನ್ನೆಯ ದಾರ. 333333666667 ಗುಣಿಸು 33 ಎಂದು ಕಿರಾಣಿ ಅಂಗಡಿಯ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿಗೆ ಕೊಟ್ಟರೆ ಅದು ಕೈಚೆಲ್ಲುತ್ತದೆ. ಉತ್ತರ 11000011000011, ಹದಿನಾಲ್ಕು ಅಂಕಿ.

ಇದೆಲ್ಲ ಬರೀ ಚಮತ್ಕಾರವೇ? ನಾನು ಒಪ್ಪುವುದಿಲ್ಲ. ಇವು ಬರುವುದು ಗುಣಾಕಾರ ಕಲಿಸುವ ಭಾಗದಲ್ಲಿ. ಆಗ ಲೆಕ್ಕವೂ ಪದ್ಯದಲ್ಲೇ. ಅಂಕಿಗಳ ಬದಲು ಪದಗಳು: ಚಂದ್ರ ಎಂದರೆ ಒಂದು, ಕಣ್ಣು ಎಂದರೆ ಎರಡು. ಅದೂ ಬಿಡಿಸ್ಥಾನದಿಂದ ಶುರುಮಾಡಿ, ಬಲದಿಂದ ಎಡಕ್ಕೆ. ಹೊಸಬ ಹುಡುಗ ಅಂಕಿಗಳನ್ನು ತಿರುವುಮುರುವಾಗಿ ಬರೆದುಕೊಂಡು 18649972ನ್ನು ಗುಣಿಸಲು ಕೂತರೆ ಹಾರ ಕಟ್ಟುವುದಿಲ್ಲ. ದಶಕ ಒಯ್ಯುವುದನ್ನು ಎಲ್ಲೋ ಒಂದು ಕಡೆ ಮರೆತರೂ ಮಣಿ ಉದುರುತ್ತದೆ. ಗುರುಗಳು ತಿದ್ದುವ ಮೊದಲೇ ತಪ್ಪು ಹುಡುಗನ ಕಣ್ಣಿಗೇ ಬೀಳುತ್ತದೆ. ಪುಸ್ತಕದ ಕೊನೆಯಲ್ಲಿ ಉತ್ತರ ಅಚ್ಚುಹಾಕುವ ನಮ್ಮ ಪದ್ಧತಿಗಿಂತ ಇದು ಜಾಣತನ.

ಮನೆಯಲ್ಲಿ ಗುಣಾಕಾರ ಕಲಿಯುತ್ತಿರುವ ಮಕ್ಕಳಿದ್ದರೆ, ಮೊಬೈಲು ದೂರವಿಟ್ಟು, 152207ನ್ನು 73ರಿಂದ ಗುಣಿಸಲು ಹೇಳಿ. ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ.