ಕಾರಣ ಕೇಳಿದ ಆಟ್ಕಿನ್

ಕಾನೂನು ಓದಿದವರಿಗೆ ಲಾರ್ಡ್ ಆಟ್ಕಿನ್ ಎಂದೊಡನೆ ನೆನಪಾಗುವುದು ಬಸವನಹುಳು. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದ ಹೆಂಗಸೊಬ್ಬಳು, ಬಾಟಲಿಯಲ್ಲಿ ಕೊಳೆತ ಹುಳು ಇತ್ತೆಂದು ದೂರು ಕೊಟ್ಟಳು. ಹಣ ಕೊಟ್ಟು ಕೊಂಡವಳು ಅವಳಲ್ಲ, ತಯಾರಕನ ಜತೆ ಅವಳಿಗೆ ಕರಾರೂ ಇಲ್ಲ. ಆದರೂ ತನ್ನ ಸರಕು ಯಾರ ಹೊಟ್ಟೆಗೆ ಹೋಗುತ್ತದೋ ಅವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಎಂದು 1932ರಲ್ಲಿ ಆಟ್ಕಿನ್ ಹೇಳಿದರು. ಇಬ್ಬರು ನ್ಯಾಯಾಧೀಶರು ಒಪ್ಪಲಿಲ್ಲ, ಮೂವರ ಬಹುಮತದಿಂದ ತೀರ್ಪು ನಿಂತಿತು.

ಅದು ದೊಡ್ಡ ತೀರ್ಪೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಒಂಬತ್ತು ವರ್ಷಗಳ ಬಳಿಕ ಅವರು ಒಬ್ಬರೇ ಬರೆದು ಸೋತದ್ದು.

ಆಟ್ಕಿನ್ ಹುಟ್ಟಿದ್ದು 1867ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ವೇಲ್ಸಿನಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದರು. 1891ರಲ್ಲಿ ವಕೀಲರಾದರು, ಮೊದಮೊದಲು ಕೇಸುಗಳು ಸಿಗುವುದೇ ಕಷ್ಟವಾಗಿತ್ತು. 1913ರಲ್ಲಿ ಹೈಕೋರ್ಟ್, 1919ರಲ್ಲಿ ಮೇಲ್ಮನವಿ ನ್ಯಾಯಾಲಯ, 1928ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್. ಮೇಲ್ಮನವಿ ನ್ಯಾಯಾಲಯಕ್ಕೆ ಬಂದ ವರ್ಷವೇ ಅವರು ಹೇಳಿದ ಒಂದು ಮಾತು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಸಿಲೋನಿನಲ್ಲಿ ನೌಕರಿಯಲ್ಲಿದ್ದ ಗಂಡ ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡು ಕೊಡುವೆನೆಂದು ಮಾತು ಕೊಟ್ಟಿದ್ದ. ಗಂಡ ಹೆಂಡಿರ ಇಂಥ ಮಾತು ನ್ಯಾಯಾಲಯದ ವ್ಯವಹಾರವಲ್ಲ ಎಂಬುದು ಆಟ್ಕಿನ್ ನಿಲುವು. ಮನೆಯ ಹೊಸಿಲಲ್ಲಿ ಕಾನೂನು ನಿಂತುಬಿಟ್ಟರೆ ಅದರ ನಷ್ಟ ತಟ್ಟುವುದು ಹೆಂಗಸಿಗೇ. ಆಗ ಭಾರತದ ಕೊನೆಯ ಮೇಲ್ಮನವಿಗಳನ್ನು ಕೇಳುತ್ತಿದ್ದ ಪ್ರಿವಿ ಕೌನ್ಸಿಲಿನಲ್ಲಿ, ಪಾಕಲ ನಾರಾಯಣಸ್ವಾಮಿ ಪ್ರಕರಣದಲ್ಲಿ ತಪ್ಪೊಪ್ಪಿಗೆ ಎಂದರೇನು ಎಂದು 1939ರಲ್ಲಿ ಅವರು ಬಿಡಿಸಿ ಹೇಳಿದ್ದನ್ನಾದರೋ ನಮ್ಮ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುತ್ತವೆ.

1940ರ ಮೇ ತಿಂಗಳು. ಹಿಟ್ಲರನ ಸೇನೆ ಫ್ರಾನ್ಸಿಗೆ ನುಗ್ಗಿತ್ತು. ಯುದ್ಧಕಾಲದ 18ಬಿ ನಿಯಮದಡಿ ಲಿವರ್ಸಿಜ್ ಎಂಬಾತನನ್ನು ವಿಚಾರಣೆಯಿಲ್ಲದೆ ಬ್ರಿಕ್ಸ್‌ಟನ್ ಜೈಲಿಗೆ ಹಾಕಿದರು. ಆದೇಶಕ್ಕೆ ಸಹಿ ಹಾಕಿದ ಗೃಹಮಂತ್ರಿ ಸರ್ ಜಾನ್ ಆಂಡರ್ಸನ್. 1932ರಿಂದ ಐದು ವರ್ಷ ಬಂಗಾಳದ ಗವರ್ನರ್ ಆಗಿದ್ದವರು ಅವರೇ. ವಿಚಾರಣೆಯಿಲ್ಲದ ಸೆರೆ ಎಂಥದೆಂದು ಅಲ್ಲಿನ ಕ್ರಾಂತಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಹಿಡಿದದ್ದಕ್ಕೆ ಕಾರಣವೇನು, ವಿವರ ಕೊಡಿ ಎಂದು ಲಿವರ್ಸಿಜ್ ನ್ಯಾಯಾಲಯಕ್ಕೆ ಹೋದ. ಆತನಿಂದ ಅಪಾಯವಿದೆ ಎಂಬ ಸಕಾರಣವಾದ ನಂಬಿಕೆ ಮಂತ್ರಿಗೆ ಇರಬೇಕು ಎಂದು ನಿಯಮ ಕೇಳಿತ್ತು. ಮಂತ್ರಿಗೆ ಹಾಗೆ ಅನ್ನಿಸಿದರೆ ಸಾಕು, ನ್ಯಾಯಾಲಯ ಕೆದಕಬಾರದು ಎಂದು 1941ರ ನವೆಂಬರ್ 3ರಂದು ನಾಲ್ವರು ಹೇಳಿದರು. ಕಾರಣ ನಿಜಕ್ಕೂ ಇರಬೇಕು, ಅದನ್ನು ನ್ಯಾಯಾಲಯ ನೋಡಬೇಕು ಎಂದವರು 73 ವರ್ಷದ ಆಟ್ಕಿನ್ ಒಬ್ಬರೇ. ಸಹೋದ್ಯೋಗಿಗಳು ಸರ್ಕಾರಕ್ಕಿಂತ ಹೆಚ್ಚು ಸರ್ಕಾರದ ಪರವಾಗಿದ್ದಾರೆಂದೂ ನೇರವಾಗಿಯೇ ಬರೆದರು. ಪದಕ್ಕೆ ತನಗೆ ಬೇಕಾದ ಅರ್ಥ ಕೊಡುವ, ಮಕ್ಕಳ ಕಥೆಯ ಹಂಪ್ಟಿ ಡಂಪ್ಟಿಗೆ ಅವರನ್ನು ಹೋಲಿಸಿದರು. ಆ ಭಾಗ ತೆಗೆಯಿರೆಂದು ಲಾರ್ಡ್ ಚಾನ್ಸಲರ್ ಸೈಮನ್ ಮೊದಲೇ ಪತ್ರ ಬರೆದು ಕೋರಿದ್ದರು. ಆಟ್ಕಿನ್ ತೆಗೆಯಲಿಲ್ಲ. ಬಹುಮತದ ಲಾರ್ಡ್ ಮಾಮ್ 'ದಿ ಟೈಮ್ಸ್' ಪತ್ರಿಕೆಗೇ ಬರೆದು ಆಕ್ಷೇಪಿಸಿದರು. 1944ರಲ್ಲಿ ಆಟ್ಕಿನ್ ತೀರಿಕೊಂಡಾಗಲೂ ಊರ್ಜಿತವಾಗಿದ್ದದ್ದು ಆ ನಾಲ್ವರ ತೀರ್ಪೇ. ಅದು ತಪ್ಪಾಗಿತ್ತೆಂದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ಡಿಪ್ಲಾಕ್ ಬಾಯಿಬಿಟ್ಟು ಹೇಳಿದ್ದು 1980ರ ಹೊತ್ತಿಗೆ.

ಅಷ್ಟರೊಳಗೆ, ಸರ್ಕಾರ ಹಾಕಿದ ಸೆರೆಯನ್ನು ನ್ಯಾಯಾಲಯ ಪರಿಶೀಲಿಸಬಹುದೇ ಎಂಬ ಆ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದು ಹೋಗಿತ್ತು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಗಳನ್ನು ಕೇಳಲು ತನಗೆ ಅಧಿಕಾರವಿದೆ ಎಂದು ಕರ್ನಾಟಕ ಹೈಕೋರ್ಟ್ ಹೇಳಿತು. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರಿಗೆ ಅಲಹಾಬಾದ್, ಗುವಾಹಟಿಗಳಿಗೆ ವರ್ಗವಾಯಿತು. ಸುಪ್ರೀಂ ಕೋರ್ಟ್‌ನಲ್ಲಿ 1976ರ ಏಪ್ರಿಲ್ 28ರಂದು ಮತ್ತೆ, ಇಂಥ ಅರ್ಜಿಗಳನ್ನು ಕೇಳುವಂತಿಲ್ಲ ಎಂದ ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ತಪ್ಪಿತು. ಆ ತೀರ್ಪು ರದ್ದಾಗಲು 2017ರ ತನಕ ಕಾಯಬೇಕಾಯಿತು. ರದ್ದಾದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ತೊಂಬತ್ತರ ಹೊಸಿಲಿನಲ್ಲಿ ಹಿಡಿದು ನಡೆಸಿದ ಮೊಕದ್ದಮೆಯಲ್ಲಿ.