ಪಡ್ರೆಯ ತೋಡಿನಿಂದ ಜಿನೀವಾ ತನಕ: ನಿಷೇಧವಾದ ವಿಷ, ಮುಗಿಯದ ಲೆಕ್ಕ

ಪರಿಸರ ಸಮಸ್ಯೆ ಎಂದರೆ ಹಲವರಿಗೆ ಕರಗುವ ಹಿಮ, ಏರುವ ಬಿಸಿಲು ನೆನಪಾಗುತ್ತದೆ. ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯವರಿಗೆ ನೆನಪಾಗುವುದು ಹೆಲಿಕಾಪ್ಟರ್ ಸದ್ದು. ಗೇರು ಹೂವಿಗೆ ಕಾಟ ಕೊಡುವ ಟೀ ಸೊಳ್ಳೆಯನ್ನು ಕೊಲ್ಲಲು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಸುಮಾರು 4,600 ಹೆಕ್ಟೇರ್ ತೋಟದ ಮೇಲೆ ಎಂಡೋಸಲ್ಫಾನ್ ಸುರಿಸಿತು. 1970ರ ದಶಕದ ಕೊನೆಗೆ ಶುರುವಾದ ಈ ವೈಮಾನಿಕ ಸಿಂಪಡಣೆ ನಿಂತದ್ದು 2000ದಲ್ಲಿ.

ಸಿಂಪಡಿಸುವಾಗ ಮರದ ತುದಿಗಿಂತ ಕೆಲವೇ ಮೀಟರ್ ಎತ್ತರದಲ್ಲಿ ಹಾರಬೇಕು, ಬಾವಿ-ಕೆರೆ ಮುಚ್ಚಿಡಬೇಕು ಎಂದು ನಿಯಮವಿತ್ತು. ಗುಡ್ಡ, ಕಣಿವೆಗಳ ಈ ನಾಡಿನಲ್ಲಿ ಹಾಗೆ ಹಾರುವುದು ಹೇಗೆ? ತೋಟ ಗುಡ್ಡದ ನೆತ್ತಿಯಲ್ಲಿ, ಮನೆ ಬುಡದಲ್ಲಿ, ಕುಡಿಯುವ ನೀರು ಸುರಂಗದಿಂದ. ಸುರಂಗಕ್ಕೆ ಮುಚ್ಚಳ ಹಾಕುವ ವಿದ್ಯೆಯನ್ನು ಯಾರೂ ಹೇಳಿಕೊಡಲಿಲ್ಲ.

ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ ಬರೆದರು. ಕೃಷಿ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿದರು. ಅಂದರೆ ಸಮಸ್ಯೆಯನ್ನು ಮೊದಲು ಗುರುತಿಸಿದ್ದು ಊರು. ದಿಲ್ಲಿ, ತಿರುವನಂತಪುರಗಳಿಗೆ ಕಣ್ಣು ತೆರೆಯಲು ವರ್ಷಗಳೇ ಬೇಕಾದವು.

ವಿಷಕ್ಕೆ ಗಡಿಯ ಹಂಗಿಲ್ಲ. ಗಾಳಿಯ ಜತೆ ಸಾಗುವ ಎಂಡೋಸಲ್ಫಾನ್ ಅದನ್ನು ಯಾರೂ ಬಳಸದ ಉತ್ತರ ಧ್ರುವ ಪ್ರದೇಶದ ಗಾಳಿಯಲ್ಲೂ ಪತ್ತೆಯಾಗಿದೆ. ಇಷ್ಟು ದೂರ ಹೋಗುವ, ಬೇಗ ಕರಗದ ವಸ್ತು ಎಂಬ ಕಾರಣಕ್ಕೇ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ಭಾರತ ಅಲ್ಲಿಯತನಕ ವಿರೋಧಿಸಿ, ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಎರಡೇ ವಾರದಲ್ಲಿ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿತು. ರೋಗಕ್ಕೂ ಕೀಟನಾಶಕಕ್ಕೂ ನೇರ ಸಂಬಂಧ ಸಾಬೀತಾಗಿಲ್ಲ ಎನ್ನುವ ವಿಜ್ಞಾನಿಗಳು ಈಗಲೂ ಇದ್ದಾರೆ. ವಾದ ನಡೆಯಲಿ. ಆದರೆ ಆ ವಾದ ಮುಗಿಯುವ ತನಕ ಹಾಸಿಗೆ ಹಿಡಿದ ಮಗು ಕಾಯಬೇಕೇ?

ಕಾದದ್ದಂತೂ ಹೌದು. ತಲಾ 5 ಲಕ್ಷ ರೂ.ಗಳನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೇರಳಕ್ಕೆ ಹೇಳಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ: 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ! ಅವರೂ ಕೋರ್ಟಿಗೆ ಹೋದವರು. ಜಿನೀವಾದಲ್ಲಿ 2011ರಲ್ಲೇ ಆಗಿಹೋದ ಕೆಲಸ ಜಿಲ್ಲೆಯೊಳಗೆ ಇಷ್ಟು ಕುಂಟಿತು. ಬಳಿಕವಷ್ಟೇ ವಿತರಣೆಗೆ ವೇಗ ಬಂತು.

ಗಡಿಯ ಆಚೆಗೂ ಇದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳಿಗೆ ಅಲ್ಲಿನ ನಿಗಮ ಇದೇ ಔಷಧ ಸಿಂಪಡಿಸಿತ್ತು. ಅಲ್ಲಿನ ಸಂತ್ರಸ್ತರಿಗೆ ಕರ್ನಾಟಕದ ಮಾಸಾಶನ, ಇಲ್ಲಿನವರಿಗೆ ಕೇರಳದ ಪಟ್ಟಿ. ಒಂದೇ ವಿಷ, ಎರಡು ಅಳತೆಗೋಲು. ಕಾಸರಗೋಡಿನ ರೋಗಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಅದಕ್ಕೆ ತೆತ್ತ ಬೆಲೆ ಎಲ್ಲರಿಗೂ ಗೊತ್ತು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಏಳು ವರ್ಷದ ಬಳಿಕವೂ ಅದು ಮಂಗಳೂರಿಗೆ ಬದಲಿಯಾಗಿರಲಿಲ್ಲ.

ಇನ್ನೊಂದು ಬಾಕಿ ಇದೆ: ಉಳಿದ ಔಷಧ. ನಿಗಮದ ಗೋದಾಮುಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಪೀಪಾಯಿಗಳಿಂದ ಅದನ್ನು 2012ರಲ್ಲಿ ಹೊಸ ಪೀಪಾಯಿಗಳಿಗೆ ತುಂಬಿಸಲಾಯಿತು. ಮಿಂಚಿನಪದವಿನಲ್ಲಿ ಪಾಳುಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಗೂ ಹೋಗಿ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಸುತ್ತಲಿನ ಮಣ್ಣು, ನೀರಿನ ಮಾದರಿ ಒಯ್ದರು. ಆ ಪದವಿನ ಕೆಳಗಿನ ಮನೆಗಳವರು ಕುಡಿಯುವುದು ಅದೇ ಗುಡ್ಡದಿಂದ ಇಳಿದುಬರುವ ನೀರನ್ನು.